ಕಣಗಲಾ ಸೀಮೆಯಿಂದ ಕನ್ನಡ ತೆರೆಗೆ: ಹೊಸ ಪೀಳಿಗೆ ನೋಡಬೇಕಾದ ಹಳೆಯ ಚಿತ್ರಗಳು

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ವನ್ನು ನೋಡುವ ಭಾಗ್ಯ ಇಂದಿನ ಯಾರಿಗೂ ಇಲ್ಲ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ಆ ಚಿತ್ರದ ಒಂದು ಪ್ರತಿಯೂ ಉಳಿದು ಬಂದಿಲ್ಲ. ವೈ.ವಿ. ರಾವ್ ಅವರ ನಿರ್ದೇಶನ, ಬೆಳ್ಳಾವೆ ನರಹರಿ ಶಾಸ್ತ್ರಿಗಳ ಸಂಭಾಷಣೆ, ಆರ್. ನಾಗೇಂದ್ರರಾವ್, ಸುಬ್ಬಯ್ಯ ನಾಯ್ಡು, ತ್ರಿಪುರಾಂಬ ಅವರ ಅಭಿನಯ – ಎಲ್ಲವೂ ಈಗ ಇತಿಹಾಸದ ಪುಟಗಳಲ್ಲಿ ಮಾತ್ರ ಇವೆ.

ಬೆಳಗಾವಿ ಜಿಲ್ಲೆ ಹುಕ್ಕೇರಿ ತಾಲ್ಲೂಕಿನ ಕಣಗಲಾ ಪರಿಸರದವರಿಗೆ ಈ ನಷ್ಟ ದೂರದ್ದಲ್ಲ. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ನಿಪ್ಪಾಣಿ ದಾಟಿ ಸಾಗಿದರೆ ಸಿಗುವ ಕೊಲ್ಲಾಪುರದಲ್ಲಿಯೇ, ಛತ್ರಪತಿ ಸ್ಟುಡಿಯೋದಲ್ಲಿ, ಆ ಚಿತ್ರದ ಚಿತ್ರೀಕರಣ ನಡೆದಿತ್ತು. ಅಂದಿನ ಮೈಸೂರು ಸಂಸ್ಥಾನದಲ್ಲಿ ವಾಕ್ಚಿತ್ರ ತಯಾರಿಕೆಗೆ ತಕ್ಕ ಸೌಕರ್ಯ ಇರಲಿಲ್ಲ. ಕೊಲ್ಲಾಪುರವಾದರೋ ಬಾಬುರಾವ್ ಪೇಂಟರ್ ಅವರ ಕಾಲದಿಂದಲೂ ಚಿತ್ರ ತಯಾರಿಕೆಯ ಕೇಂದ್ರವಾಗಿತ್ತು. ಕಣಗಲಾ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. 1956ರ ಏಕೀಕರಣದ ನಂತರವೇ ಈ ಭಾಗ ಕನ್ನಡ ರಾಜ್ಯಕ್ಕೆ ಬಂದಿತು.

ಒಮ್ಮೆ ಕಳೆದುಹೋದ ಚಿತ್ರ ಮರಳಿ ಬರುವುದಿಲ್ಲ. ಉಳಿದಿರುವ ಚಿತ್ರಗಳನ್ನಾದರೂ ಮಕ್ಕಳಿಗೆ ತೋರಿಸುವುದು ಹಿರಿಯರ ಹೊಣೆ. ಅದರಲ್ಲಿಯೂ ಈ ಗಡಿ ಸೀಮೆಯ ಮಣ್ಣಿನಿಂದಲೇ ಹುಟ್ಟಿದ ಕಥೆಗಳು ಕನ್ನಡ ತೆರೆಯ ಮೇಲೆ ಸಾಕಷ್ಟಿವೆ ಎಂಬುದು ಹೊಸ ಪೀಳಿಗೆಗೆ ತಿಳಿಯಬೇಕಾದ ಸಂಗತಿ.

ಕಿತ್ತೂರು ಚೆನ್ನಮ್ಮ (1961)

ಬಿ.ಆರ್. ಪಂತುಲು ನಿರ್ದೇಶನದ ಈ ಚಿತ್ರದಲ್ಲಿ ಚೆನ್ನಮ್ಮನಾಗಿ ಬಿ. ಸರೋಜಾದೇವಿ, ಮಲ್ಲಸರ್ಜನಾಗಿ ರಾಜಕುಮಾರ್ ಅಭಿನಯಿಸಿದ್ದಾರೆ. 1824ರ ಕಿತ್ತೂರು ಸಮರವನ್ನು ಪಠ್ಯಪುಸ್ತಕದಲ್ಲಿ ಓದುವ ಮಕ್ಕಳಿಗೆ ಇದು ಒಳ್ಳೆಯ ಆರಂಭ. ಟಿ.ಜಿ. ಲಿಂಗಪ್ಪ ಅವರ ಸಂಗೀತದಲ್ಲಿ ಅಕ್ಕಮಹಾದೇವಿಯ ವಚನವೂ ಇಲ್ಲಿ ಹಾಡಾಗಿ ಮೂಡಿದೆ.

ಕರುಣೆಯೇ ಕುಟುಂಬದ ಕಣ್ಣು (1962), ಕುಲವಧು (1963)

ಬೀಳಗಿಯಲ್ಲಿ ಜನಿಸಿ ಗೋಕಾಕದಲ್ಲಿ ಶಿಕ್ಷಕರಾಗಿದ್ದ ಕೃಷ್ಣಮೂರ್ತಿ ಪುರಾಣಿಕರು ಒಂದು ಕಾಲದಲ್ಲಿ ಮನೆಮನೆಯ ಕಾದಂಬರಿಕಾರರು. ಅವರ ‘ಧರ್ಮದೇವತೆ’ ಕಾದಂಬರಿ ‘ಕರುಣೆಯೇ ಕುಟುಂಬದ ಕಣ್ಣು’ ಎಂಬ ಹೆಸರಿನಲ್ಲಿ ಚಿತ್ರವಾಯಿತು. ಕಾದಂಬರಿ ಆಧಾರಿತ ಕನ್ನಡ ಚಿತ್ರಗಳ ಪರಂಪರೆಯನ್ನು ಸಾಮಾನ್ಯವಾಗಿ ಇಲ್ಲಿಂದಲೇ ಎಣಿಸಲಾಗುತ್ತದೆ. ಮರುವರ್ಷ ‘ಕುಲವಧು’ ಬಂದಿತು. ಎರಡನ್ನೂ ನಿರ್ದೇಶಿಸಿದವರು ಟಿ.ವಿ. ಸಿಂಗ್ ಠಾಕೂರ್. ಬೇಂದ್ರೆಯವರ ಯುಗಾದಿ ಕವಿತೆ ಎಸ್. ಜಾನಕಿ ಅವರ ಕಂಠದಲ್ಲಿ ನಾಡಿನಾದ್ಯಂತ ಹಬ್ಬಿದ್ದು ‘ಕುಲವಧು’ವಿನಿಂದಲೇ. ಪ್ರತಿ ವರ್ಷ ಆ ಹಾಡನ್ನು ಕೇಳುವ ಎಷ್ಟೋ ಯುವಕರಿಗೆ ಅದರ ಚಿತ್ರವಾಗಲಿ, ಕಥೆಗಾರರಾಗಲಿ ಪರಿಚಿತರಲ್ಲ.

ಶರಪಂಜರ (1971)

ನಿರ್ದೇಶಕ ಪುಟ್ಟಣ್ಣ ಕಣಗಾಲ್ ಅವರ ಹೆಸರಿನಲ್ಲಿರುವ ಊರು ಇದೇ ಕಣಗಲಾ ಎಂದು ಕೆಲವರು ಭಾವಿಸುವುದುಂಟು. ಆದರೆ ಅವರ ಹುಟ್ಟೂರು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲು. ಊರು ಬೇರೆಯಾದರೂ ಅವರ ಚಿತ್ರಗಳು ಇಡೀ ನಾಡಿಗೆ ಸೇರಿದವು. ತ್ರಿವೇಣಿ ಅವರ ಕಾದಂಬರಿ ಆಧರಿಸಿದ ‘ಶರಪಂಜರ’ದಲ್ಲಿ ಮಾನಸಿಕ ಅಸ್ವಾಸ್ಥ್ಯದಿಂದ ಗುಣಮುಖಳಾಗಿ ಮನೆಗೆ ಮರಳುವ ಕಾವೇರಿಯನ್ನು ಮನೆಯವರೂ ಸಮಾಜವೂ ಸಂಶಯದಿಂದಲೇ ಕಾಣುತ್ತಾರೆ. ಕಲ್ಪನಾ ಅವರ ಅಭಿನಯಕ್ಕಾಗಿ ಮಾತ್ರವಲ್ಲ, ಇಂದಿಗೂ ಬಗೆಹರಿಯದ ಈ ಪ್ರಶ್ನೆಗಾಗಿಯೂ ಕಾಲೇಜು ವಿದ್ಯಾರ್ಥಿಗಳು ನೋಡಬೇಕಾದ ಚಿತ್ರವಿದು.

ಮಾಡಿ ಮಡಿದವರು (1974)

ಗೋಕಾಕ ತಾಲ್ಲೂಕಿನ ಮಲಾಮರಡಿಯ ಬಸವರಾಜ ಕಟ್ಟೀಮನಿ ಸ್ವತಃ ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆವಾಸ ಕಂಡವರು. 1942ರ ಚಳವಳಿಯ ಹಿನ್ನೆಲೆಯ ಅವರ ಕಾದಂಬರಿಯನ್ನು ಕೆ.ಎಂ. ಶಂಕರಪ್ಪ ಚಿತ್ರವಾಗಿಸಿದರು. ಪುಸ್ತಕವನ್ನು ಮೊದಲು ಓದಿ ಚಿತ್ರ ನೋಡುವುದು ಒಳಿತು.

ಸನಾದಿ ಅಪ್ಪಣ್ಣ (1977)

ಪುರಾಣಿಕರ ಕಥೆಯನ್ನು ಆಧರಿಸಿ ವಿಜಯ್ ನಿರ್ದೇಶಿಸಿದ ಈ ಚಿತ್ರ, ಸನಾದಿ ನುಡಿಸುವ ಕಲಾವಿದನೊಬ್ಬನ ಬದುಕಿನ ಚಿತ್ರಣ. ಶಹನಾಯಿಗೆ ಈ ಭಾಗದ ಹೆಸರೇ ಸನಾದಿ. ‘ಗೂಂಜ್ ಉಠೀ ಶೆಹನಾಯಿ’ (1959) ಹಿಂದಿ ಚಿತ್ರಕ್ಕೆ ನುಡಿಸಿದ್ದ ಉಸ್ತಾದ್ ಬಿಸ್ಮಿಲ್ಲಾ ಖಾನ್ ಅವರೇ ಇಲ್ಲಿಯೂ ವಾದ್ಯಕ್ಕೆ ಉಸಿರು ತುಂಬಿದರು. ತೆರೆಯ ಮೇಲೆ ಆ ಉಸಿರಿಗೆ ಮುಖವಾದವರು ರಾಜಕುಮಾರ್. ಮನೆಮಂದಿಯೆಲ್ಲ ಕೂಡಿ ನೋಡಲು ಈ ಪಟ್ಟಿಯಲ್ಲಿ ಇದಕ್ಕಿಂತ ತಕ್ಕ ಚಿತ್ರವಿಲ್ಲ.

ನಾಗಮಂಡಲ (1997)

ಕಥೆಗಳು ಉತ್ತರ ಕರ್ನಾಟಕದವಾದರೂ ಹಳೆಯ ಚಿತ್ರಗಳ ಮಾತು ಬಹುಪಾಲು ದಕ್ಷಿಣದ್ದೇ. ಆ ಕೊರತೆಯನ್ನು ತುಂಬುವ ಚಿತ್ರಗಳಲ್ಲಿ ಗಿರೀಶ ಕಾರ್ನಾಡರ ನಾಟಕವನ್ನು ಆಧರಿಸಿ ಟಿ.ಎಸ್. ನಾಗಾಭರಣ ನಿರ್ದೇಶಿಸಿದ ‘ನಾಗಮಂಡಲ’ ಮುಖ್ಯವಾದುದು. ಮರಾಠಿ ಮತ್ತು ಕನ್ನಡ ಎರಡನ್ನೂ ಆಡುತ್ತ ಬೆಳೆಯುವ ಗಡಿಭಾಗದ ಮಕ್ಕಳಿಗೆ ಮನೆಯ ಕನ್ನಡಕ್ಕೆ ಹತ್ತಿರವಾದ ಮಾತು ತೆರೆಯ ಮೇಲೂ ಸಲ್ಲುತ್ತದೆ ಎಂಬುದು ಇಲ್ಲಿ ಮನವರಿಕೆಯಾಗುತ್ತದೆ.

ಉಳಿಸುವ ದಾರಿ

ಪ್ರತಿ ಉಳಿದಿದ್ದರೆ ಚಿತ್ರಕ್ಕೆ ಮರುಜೀವ ನೀಡಲು ಸಾಧ್ಯ. ಗಿರೀಶ ಕಾಸರವಳ್ಳಿ ಅವರ ‘ಘಟಶ್ರಾದ್ಧ’ (1977) ಇದಕ್ಕೆ ನಿದರ್ಶನ. ಸ್ವರ್ಣಕಮಲ ಪಡೆದಿದ್ದ ಈ ಚಿತ್ರವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿ ಸ್ಥಾಪಿಸಿದ ಫಿಲ್ಮ್ ಫೌಂಡೇಶನ್ ಜೊತೆಗೂಡಿ ಪುನಶ್ಚೇತನಗೊಳಿಸಿದವು. 2024ರಲ್ಲಿ ಅದು ವೆನಿಸ್ ಚಿತ್ರೋತ್ಸವದ ಶ್ರೇಷ್ಠ ಚಿತ್ರಗಳ ವಿಭಾಗದಲ್ಲಿ ಪ್ರದರ್ಶನಗೊಂಡಿತು.

ಎಲ್ಲ ಚಿತ್ರಗಳಿಗೂ ಅಂಥ ನೆರವು ದೊರೆಯುವುದು ಕಷ್ಟ. ಕೇಳುವವರಿಲ್ಲದ ಚಿತ್ರದ ಪ್ರತಿಯನ್ನು ಕಾಪಾಡುವ ಆಸಕ್ತಿಯೂ ಕ್ರಮೇಣ ಕುಂದುತ್ತದೆ. ಶಾಲೆಯ ಸಭಾಂಗಣದಲ್ಲಿ, ಊರ ಗ್ರಂಥಾಲಯದಲ್ಲಿ, ರಜೆಯ ದಿನ ಮನೆಯ ಟಿವಿಯಲ್ಲಿ ವರ್ಷಕ್ಕೆ ಒಂದೆರಡು ಹಳೆಯ ಚಿತ್ರಗಳನ್ನು ತೋರಿಸುವುದು ದೊಡ್ಡ ವೆಚ್ಚದ ಕೆಲಸವೇನೂ ಅಲ್ಲ. ಕೊಲ್ಲಾಪುರದಲ್ಲಿ ತಯಾರಾದ ಮೊದಲ ಚಿತ್ರವನ್ನು ಉಳಿಸಿಕೊಳ್ಳಲಾಗಲಿಲ್ಲ. ಗೋಕಾಕದ ಮೇಷ್ಟ್ರ ಕಥೆಗಳಿಗೂ ಅದೇ ಗತಿ ಬಾರದಿರಲಿ.