ಬಳುವಳಿಯ ಕೋಟೆ, ಧರ್ಮದ ಸಮರ: ರಕ್ಕಸತಂಗಡಿಯ ಸುತ್ತಲಿನ ಮಾತುಗಳು

ರಕ್ಕಸತಂಗಡಿಯ ಯುದ್ಧಕ್ಕೆ ಸ್ವಲ್ಪ ಮುಂಚೆ ಸೊಲ್ಲಾಪುರದ ಕೋಟೆಯು ಒಂದು ಮದುವೆಯ ಮೂಲಕ ಕೈಬದಲಾಯಿಸಿತು. ಅಹಮದನಗರದ ಹುಸೇನ್ ನಿಜಾಂ ಶಾಹನು ತನ್ನ ಮಗಳು ಚಾಂದ ಬೀಬಿಯನ್ನು ಬಿಜಾಪುರದ ಅಲಿ ಆದಿಲ ಶಾಹನಿಗೆ ಕೊಟ್ಟು, ಕೋಟೆಯನ್ನು ಬಳುವಳಿಯಾಗಿ ಒಪ್ಪಿಸಿದನು. ಅಲಿಯ ತಂಗಿಯು ಹುಸೇನನ ಮಗನಾದ ಮುರ್ತಜಾನಿಗೆ ಮದುವೆಯಾದಳು. ಎರಡು ತಲೆಮಾರುಗಳಿಂದ ಈ ಕೋಟೆಗಾಗಿ ರಕ್ತ ಹರಿಸಿದ್ದ ಎರಡು ಮನೆತನಗಳು ಹೀಗೆ ಬೀಗರಾದವು. 1565ರ ಜನವರಿಯಲ್ಲಿ ಗೋಲ್ಕೊಂಡ ಮತ್ತು ಬೀದರಗಳನ್ನು ಕೂಡಿಕೊಂಡು ಕೃಷ್ಣಾ ತೀರಕ್ಕೆ ನಡೆದವು. ಯುದ್ಧದ ಕಾರಣವನ್ನು ಹೇಳಬೇಕಾಗಿ ಬಂದಾಗ ಆಸ್ಥಾನದ ಚರಿತ್ರಕಾರರು ಸೊಲ್ಲಾಪುರವನ್ನು ಹಿಂದಕ್ಕೆ ಸರಿಸಿ, ಧರ್ಮರಕ್ಷಣೆಯನ್ನು ಮುಂದಿಟ್ಟರು.

ಆಳುವವನು ತನ್ನ ಆಡಳಿತಕ್ಕೂ ಯುದ್ಧಕ್ಕೂ ದೈವವನ್ನು ಸಾಕ್ಷಿಯಾಗಿ ಕರೆಯಬಹುದೇ ಎಂಬ ಪ್ರಶ್ನೆಯನ್ನು ನಮ್ಮ ಕಾಲದ ರಾಜಕಾರಣದಲ್ಲಿ ಬಿಡಿಯಾಗಿ ಚರ್ಚಿಸುವುದು ವಾಡಿಕೆ. ಈ ಗಡಿನಾಡಿನ ಚರಿತ್ರೆಯೊಳಗೆ ಆ ಪ್ರಶ್ನೆಗೆ ದಾಖಲೆಗಳಿವೆ. ಅವುಗಳನ್ನು ಕಾಲಾನುಕ್ರಮದಲ್ಲಿ ಇಟ್ಟು ನೋಡಿದರೆ ಸಾಕಷ್ಟು ತಿಳಿಯುತ್ತದೆ.

1565ರ ಯುದ್ಧದ ಧಾರ್ಮಿಕ ಕಾರಣವನ್ನು ನಾವು ಹೆಚ್ಚಾಗಿ ತಿಳಿದಿರುವುದು ಫಿರಿಶ್ತಾನಿಂದ. ಅವನು ಹೇಳುವಂತೆ, ಅಹಮದನಗರದ ಮೇಲಿನ ದಂಡಯಾತ್ರೆಯಲ್ಲಿ ವಿಜಯನಗರದ ಸೈನಿಕರು ಮಸೀದಿಗಳನ್ನು ಕೆಡಿಸಿದರು, ಇಸ್ಲಾಮನ್ನು ಅವಮಾನಿಸಿದರು. ಇದರಿಂದ ನೊಂದ ಸುಲ್ತಾನರು ಒಂದಾದರು. ಊರುಗಳನ್ನು ಸುಟ್ಟುಕೊಂಡು ಹೋದ ಸೈನ್ಯವು ಮಸೀದಿಗಳನ್ನು ಮಾತ್ರ ಕಾಪಾಡಿತೆಂದು ನಾನು ವಾದಿಸಲಾರೆ. ಆದರೆ ಆ ದಂಡಯಾತ್ರೆ ನಡೆದದ್ದು 1558-59ರ ಸುಮಾರಿಗೆ, ಅದೂ ಅಲಿ ಆದಿಲ ಶಾಹನ ಪರವಾಗಿ. ಕಲ್ಯಾಣ ಮತ್ತು ಸೊಲ್ಲಾಪುರಗಳನ್ನು ಹಿಂದಕ್ಕೆ ಪಡೆಯಬೇಕೆಂದು ರಾಮರಾಯನನ್ನು ಕರೆತಂದವನು ಅಲಿಯೇ. ಅದಕ್ಕೆ ಮೊದಲು ಅವನು ತಾನಾಗಿ ವಿಜಯನಗರಕ್ಕೆ ಹೋಗಿ, ಮಗನನ್ನು ಕಳೆದುಕೊಂಡಿದ್ದ ರಾಮರಾಯನನ್ನು ಸಂತೈಸಿದ್ದನೆಂದೂ, ರಾಮರಾಯನ ಮಡದಿಯು ಅವನನ್ನು ಮಗನೆಂದು ಸ್ವೀಕರಿಸಿದಳೆಂದೂ ಬರೆದಿರುವವನು ಅದೇ ಫಿರಿಶ್ತಾ. ಅವಮಾನವಾಯಿತೆನ್ನಲಾದ ಆ ಯಾತ್ರೆಯ ಬಳಿಕವೂ ಅಲಿಯು ಮತ್ತೊಮ್ಮೆ ರಾಮರಾಯನೊಡನೆ ಸೇರಿ ಅಹಮದನಗರದ ಮೇಲೆ ನಡೆದನು. ಧರ್ಮದ ನೋವು ನಾಲ್ಕಾರು ವರ್ಷ ಹೀಗೆ ಸುಮ್ಮನಿದ್ದು, ಮದುವೆಯ ಒಪ್ಪಂದವಾದೊಡನೆ ಎಚ್ಚರಗೊಂಡಿತೆಂದು ನಂಬುವುದು ಕಷ್ಟ.

ಯುದ್ಧಕ್ಕೆ ಮೊದಲು ಬಿಜಾಪುರದ ದೂತನು ರಾಮರಾಯನ ಮುಂದಿಟ್ಟ ಬೇಡಿಕೆಯನ್ನೂ ಇಲ್ಲಿ ಗಮನಿಸಬೇಕು. ರಾಯಚೂರು, ಮುದಗಲ್ಲು ಮೊದಲಾದ ಸ್ಥಳಗಳನ್ನು ಹಿಂದಿರುಗಿಸಬೇಕೆಂಬುದೇ ಆ ಬೇಡಿಕೆ. ಮಸೀದಿಗಳ ಜೀರ್ಣೋದ್ಧಾರವಾಗಲಿ ಅವಮಾನಕ್ಕೆ ಕ್ಷಮಾಯಾಚನೆಯಾಗಲಿ ಅದರಲ್ಲಿ ಇರಲಿಲ್ಲ. ರಾಮರಾಯನು ದೂತನನ್ನು ಅಟ್ಟಿದನು. ಅವನ ನೀತಿಯನ್ನು ಹೊಗಳಲು ನನಗೆ ಕಾರಣ ಕಾಣದು: ಒಬ್ಬ ಸುಲ್ತಾನನನ್ನು ಇನ್ನೊಬ್ಬನ ಮೇಲೆ ಬಿಡುತ್ತ, ಕೊನೆಗೆ ಮಿತ್ರರ ನೆಲವನ್ನೂ ಕಬಳಿಸುತ್ತ, ನಾಲ್ವರನ್ನೂ ತನ್ನ ವಿರುದ್ಧ ಒಂದುಗೂಡಿಸಿಕೊಂಡವನು ಅವನೇ. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾಹನು ಪಟ್ಟಕ್ಕೆ ಬರುವ ಮುನ್ನ ಏಳು ವರ್ಷ ವಿಜಯನಗರದಲ್ಲಿ ಆಶ್ರಯ ಪಡೆದಿದ್ದನೆಂಬುದನ್ನು ನೆನೆದರೆ, ರಾಮರಾಯನು ಕಳೆದುಕೊಂಡದ್ದೇನೆಂದು ಅರಿವಾಗುತ್ತದೆ.

ಯುದ್ಧ ಮುಗಿದ ಮೇಲೆ ನಡೆದದ್ದು ಇನ್ನೂ ಸ್ಪಷ್ಟ. ಎರಡು ಮೂರು ವರ್ಷಗಳೊಳಗೆ ರಾಮರಾಯನ ಮಗನು, ಪೆನುಕೊಂಡೆಗೆ ಸರಿದಿದ್ದ ಚಿಕ್ಕಪ್ಪ ತಿರುಮಲನ ವಿರುದ್ಧ ಅಲಿಯ ಬಳಿಗೇ ನೆರವಿಗಾಗಿ ಹೋದನು. ತಿರುಮಲನು ಅಹಮದನಗರದ ಮೊರೆಹೊಕ್ಕನು. ನಿಜಾಂ ಶಾಹಿ ಸೈನ್ಯವು ಬಿಜಾಪುರದ ಸೀಮೆಗೆ ನುಗ್ಗಿತು. ಧರ್ಮಸಮರದ ಕೂಟದಲ್ಲಿ ಬೀಗರಾಗಿದ್ದವರು ಮತ್ತೆ ಎದುರುಬದುರಾಗಿದ್ದರು. ಅಲಿಯು ಮುಂದೆ ಆದವಾನಿಯನ್ನು ಮುತ್ತಿ ವಶಪಡಿಸಿಕೊಂಡಾಗಲೂ ಲೆಕ್ಕ ಕೋಟೆ ಮತ್ತು ಕಂದಾಯದ್ದೇ. ಬಳುವಳಿಯ ಸೊಲ್ಲಾಪುರದ ಗತಿಯೂ ಅಷ್ಟೆ: 1625ರಲ್ಲಿ ಅಹಮದನಗರದ ಮಲಿಕ್ ಅಂಬರನು ಅದನ್ನು ಬಿಜಾಪುರದಿಂದ ಕಿತ್ತುಕೊಂಡನು. ಧರ್ಮದ ಮಾತನ್ನು ಆಡಿದವರು ಅದನ್ನು ಒಂದು ಋತುವಿನ ದಂಡಯಾತ್ರೆಗಷ್ಟೇ ಬಳಸಿ ಕೆಳಗಿಟ್ಟರು.

ಮುಂದಿನವರಿಗೆ ಅದನ್ನು ಕೆಳಗಿಡಲಾಗಲಿಲ್ಲ. ಅಹಮದನಗರದ ಆಸ್ಥಾನದಲ್ಲಿ ಸಯ್ಯದ್ ಅಲಿ ತಬಾತಬಾಯಿಯು 1590ರ ದಶಕದಲ್ಲಿ 'ಬುರ್ಹಾನ್-ಇ-ಮಆಸಿರ್' ಗ್ರಂಥವನ್ನು ಬರೆದು, ಹುಸೇನ್ ನಿಜಾಂ ಶಾಹನನ್ನು ಧರ್ಮವೀರನಾಗಿ ಚಿತ್ರಿಸಿದನು. ಫಿರಿಶ್ತಾನು ಹುಟ್ಟಿದ್ದು ಯುದ್ಧವಾಗಿ ಕೆಲವು ವರ್ಷಗಳಾದ ಮೇಲೆ. ಅವನು ಬರೆದದ್ದು 17ನೇ ಶತಮಾನದ ಆರಂಭದಲ್ಲಿ, ಬಿಜಾಪುರದ ಇಮ್ಮಡಿ ಇಬ್ರಾಹಿಂ ಆದಿಲ ಶಾಹನ ಆಶ್ರಯದಲ್ಲಿ. ಸರಸ್ವತಿಯನ್ನು ಸ್ತುತಿಸಿದ, ಜನರು 'ಜಗದ್ಗುರು' ಎಂದು ಕರೆದ ಅರಸನ ನೆರಳಿನಲ್ಲಿ ಧರ್ಮಯುದ್ಧದ ಕಥನವು ಅಂತಿಮ ರೂಪ ಪಡೆದದ್ದು ವಿಚಿತ್ರವೇ ಸರಿ. 1829ರಲ್ಲಿ ಬ್ರಿಗ್ಸ್ ಅದನ್ನು ಇಂಗ್ಲಿಷಿಗೆ ತಂದನು. 1900ರಲ್ಲಿ ರಾಬರ್ಟ್ ಸೀವೆಲ್ ಅದನ್ನು ಆಧರಿಸಿ, ವಿಜಯನಗರವನ್ನು ಮುಸ್ಲಿಂ ಆಕ್ರಮಣಕ್ಕೆ ಅಡ್ಡಲಾಗಿ ನಿಂತ ಹಿಂದೂ ಗೋಡೆಯೆಂದು ನಿರೂಪಿಸಿದನು. ವಿಜೇತರ ಆತ್ಮಪ್ರಶಂಸೆಯು ಈ ಹಾದಿಯಲ್ಲಿ ಸೋತವರ ವಂಶಾಭಿಮಾನವಾಗಿ ಮಾರ್ಪಟ್ಟಿತು. ಆಲೂರ ವೆಂಕಟರಾಯರ ಕಾಲದ ಏಕೀಕರಣ ಚಳವಳಿಗೆ ವಿಜಯನಗರದ ನೆನಪು ಶಕ್ತಿ ನೀಡಿತು, ಅದರ ಉಪಕಾರ ದೊಡ್ಡದು. ಆದರೆ ಆ ನೆನಪಿನ ಜೊತೆಗೆ ಎರವಲು ಬಂದ ಈ ಯುದ್ಧಕಾರಣವನ್ನು ಯಾರೂ ಪರೀಕ್ಷಿಸಲಿಲ್ಲ. ನಾಲ್ಕು ರಾಜ್ಯಗಳಲ್ಲಿ ಹಂಚಿಹೋಗಿರುವ, ಎರಡು ಮೂರು ಭಾಷೆಗಳಲ್ಲಿ ಬದುಕುವ ಗಡಿನಾಡಿನ ಕನ್ನಡಿಗರಿಗೆ ಅದು ಹೊರೆಯಾಗಿಯೇ ಪರಿಣಮಿಸಿತು. ಏಕೆಂದರೆ ಈ ಕೋಟೆಗಳ ಊರುಗಳಲ್ಲಿ ಎರಡೂ ಪಕ್ಷಗಳ ವಾರಸುದಾರರೆನ್ನಿಸಿಕೊಂಡವರು ಒಂದೇ ಬೀದಿಯಲ್ಲಿ ವಾಸಿಸುತ್ತಾರೆ.

ಹಾಗಾದರೆ ಅರಸನು ಧರ್ಮದ ಹೆಸರನ್ನೇ ಎತ್ತಬಾರದೆ? ವಿಜಯನಗರದ್ದೇ ಹಳೆಯ ದಾಖಲೆಯೊಂದು ಅಷ್ಟು ಸರಳವಾಗಿ ಒಪ್ಪಲು ಬಿಡುವುದಿಲ್ಲ. 1368ರಲ್ಲಿ ವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಜೈನರು ಬುಕ್ಕರಾಯನಲ್ಲಿ ದೂರಿತ್ತರು. ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳ ಆಚಾರ್ಯರ ಸಮ್ಮುಖದಲ್ಲಿ ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನೆಂದು ಶ್ರವಣಬೆಳಗೊಳದ ಶಾಸನ ತಿಳಿಸುತ್ತದೆ. ಜೈನರಿಗೆ ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಸ್ಥಿರವಾಯಿತು. ಅವರ ಮನೆಗಳಿಂದ ವರ್ಷಕ್ಕೊಂದು ಹಣವನ್ನೆತ್ತಿ, ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಜನರನ್ನು ನೇಮಿಸಿ, ಉಳಿದುದನ್ನು ಜೀರ್ಣ ಜಿನಾಲಯಗಳಿಗೆ ಬಳಸಬೇಕೆಂದಾಯಿತು. ಆ ಹೊಣೆಯನ್ನು ವೈಷ್ಣವರೇ ಹೊರಬೇಕಾಯಿತು. ಕಾವಲಿನ ವೆಚ್ಚವನ್ನು ಪೀಡಿತರೇ ಕೊಟ್ಟರೆಂಬುದನ್ನು ಮರೆಯದಿರೋಣ. ಆದರೂ ಇಲ್ಲಿ ಧರ್ಮದ ಮಾತು ಬಲಿಷ್ಠನನ್ನು ಕಟ್ಟಿಹಾಕಿತು. ಅದನ್ನಾಡಿದ ಅರಸನನ್ನೂ ಹೊಣೆಗಾರನನ್ನಾಗಿಸಿತು. 1565ರ ಚರಿತ್ರಕಾರರು ಬಳಸಿದ ಧರ್ಮದ ಮಾತಿಗೆ ಈ ಗುಣವಿಲ್ಲ. ಅದು ಎದುರಾಳಿಯನ್ನು ಮಾತ್ರ ತೂಗಿತು. ಸುಲ್ತಾನರು ಏನನ್ನಾದರೂ ಬಿಟ್ಟುಕೊಡಬೇಕೆಂದು ಅದು ಕೇಳಲಿಲ್ಲ.

ಎರಡರ ನಡುವಿನ ಉದಾಹರಣೆಗಳೂ ಇವೆ. ಇಮ್ಮಡಿ ದೇವರಾಯನು ಮುಸ್ಲಿಂ ಸೈನಿಕರನ್ನು ಸೇರಿಸಿಕೊಂಡು, ಅವರು ವಂದಿಸಲೆಂದು ಸಿಂಹಾಸನದ ಮುಂದೆ ಕುರಾನನ್ನು ಇರಿಸಿದ್ದನೆಂದು ಫಿರಿಶ್ತಾ ಹೇಳುತ್ತಾನೆ. ಅದು ಔದಾರ್ಯವೂ ಹೌದು, ಸೈನ್ಯಭರ್ತಿಯ ಉಪಾಯವೂ ಹೌದು. 1520ರ ರಾಯಚೂರಿನ ಯುದ್ಧಕ್ಕಾದರೋ ದೈವದ ನೆಪವೇ ಬೇಕಾಗಲಿಲ್ಲ. ಪೋರ್ಚುಗೀಸನಾದ ನೂನಿಜ್ ಬರೆಯುವಂತೆ, ಗೋವೆಯಲ್ಲಿ ಕುದುರೆ ಕೊಳ್ಳಲೆಂದು ಕೃಷ್ಣದೇವರಾಯನು 40,000 ಪರ್ದಾವುಗಳನ್ನು ಕೊಟ್ಟು ಕಳಿಸಿದ್ದ ಸಯ್ಯದನೊಬ್ಬನು ಹಣದೊಡನೆ ಬಿಜಾಪುರದ ಸೀಮೆಗೆ ಓಡಿಹೋದನು. ಆದಿಲ ಶಾಹನು ಅವನನ್ನು ಒಪ್ಪಿಸಲಿಲ್ಲ. ಅದೇ ಯುದ್ಧಕ್ಕೆ ಕಾರಣವೆಂದು ಸಾರಲಾಯಿತು. ಈ ಕಾರಣ ಎಷ್ಟೇ ಕ್ಷುಲ್ಲಕವೆನಿಸಿದರೂ ಅದರ ಲೆಕ್ಕ ತೀರುವಂಥದ್ದು. ಕುದುರೆಯ ಹಣಕ್ಕಾಗಿ ಇಂದು ಯಾರೂ ಕಾದಾಡುವುದಿಲ್ಲ. ಅದೇ ಕೃಷ್ಣದೇವರಾಯನು 'ಯವನರಾಜ್ಯ ಸ್ಥಾಪನಾಚಾರ್ಯ' ಎಂಬ ಬಿರುದನ್ನು ಧರಿಸಿದ್ದುದನ್ನು ನಮ್ಮ ಪಠ್ಯಪುಸ್ತಕಗಳು ಏಕೆ ಅಷ್ಟು ಅವಸರದಲ್ಲಿ ದಾಟಿಹೋಗುತ್ತವೆಂಬುದು ಬೇರೆಯೇ ಪ್ರಶ್ನೆ.

ಈ ಹಿನ್ನೆಲೆಯಲ್ಲಿ ಹಂಪಿಯ ಒಂದು ಚಿಕ್ಕ ಕಟ್ಟಡದತ್ತ ಓದುಗರ ಗಮನ ಸೆಳೆಯಬಯಸುತ್ತೇನೆ. ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನನು 1439ರಲ್ಲಿ ಅಲ್ಲಿ ಒಂದು ಮಸೀದಿಯನ್ನು ಕಟ್ಟಿಸಿದನು. ಶೈಲಿಯಲ್ಲಿ ಅದು ಕಂಬಗಳ ಮಂಟಪದಂತಿದೆ. ಅದರ ಶಾಸನ ಕನ್ನಡದಲ್ಲಿದೆ. ಕಟ್ಟಡವನ್ನು 'ಧರ್ಮಸಾಲೆ' ಎಂದು ಕರೆಯುತ್ತದೆ. ದೇವರಾಯನ ಪುಣ್ಯಕ್ಕಾಗಿ ಕಟ್ಟಿಸಿದ್ದೆಂದು ಹೇಳುತ್ತದೆ.