ಒಂದೇ ಕತ್ತರಿಗೆ ಐದು ಮೊನೆಯ ನಕ್ಷತ್ರ

ಜುಲೈ 4 ಅಮೆರಿಕದ ಸ್ವಾತಂತ್ರ್ಯ ದಿನ. ನಮ್ಮಲ್ಲಿ ಮಳೆ ಹಿಡಿದು ಕೂತಿರುವ ಹೊತ್ತಿಗೆ ಅಲ್ಲಿ ನಡುಬೇಸಿಗೆ. ಶಾಲೆಗಳಿಗೆ ರಜೆ, ರಾತ್ರಿ ಎಂಟು ಗಂಟೆಯಾದರೂ ಬೆಳಕು ಹರಿದಿರುತ್ತದೆ. ಹಿತ್ತಲಲ್ಲಿ ಮೇಜು ಹಾಕಿ ನೆಂಟರನ್ನೂ ನೆರೆಯವರನ್ನೂ ಕರೆದು ಉಣ್ಣುವುದು ಅಲ್ಲಿನ ರೂಢಿ. ಮನೆಯ ಮುಂದಿನ ಕಟಾಂಜನಕ್ಕೆ ಕೆಂಪು, ಬಿಳಿ, ನೀಲಿ ಬಟ್ಟೆಯ ಅರ್ಧಚಂದ್ರಾಕಾರದ ನೆರಿಗೆಗಳು ಏರುತ್ತವೆ. ಮಕ್ಕಳು ಸೈಕಲ್ ಚಕ್ರದ ಕಡ್ಡಿಗಳಿಗೆ ಬಣ್ಣದ ಕಾಗದ ಹೆಣೆದು ಬೀದಿಯಲ್ಲಿ ಪುಟ್ಟ ಮೆರವಣಿಗೆ ಹೊರಡುತ್ತಾರೆ. ಅಂಗಡಿಯಲ್ಲಿ ಸಿದ್ಧ ಸಾಮಗ್ರಿ ಬೇಕಾದಷ್ಟು ಸಿಗುತ್ತದೆ. ಆದರೂ ಕಾಗದ, ಕತ್ತರಿ, ಅಂಟು ಹಿಡಿದು ಮನೆಯಲ್ಲೇ ಅಲಂಕಾರ ಮಾಡುವ ಅಭ್ಯಾಸ ಬಿಟ್ಟುಹೋಗಿಲ್ಲ. ಗಣೇಶನ ಮಂಟಪಕ್ಕೆ ಬಣ್ಣದ ಕಾಗದ ಕತ್ತರಿಸುತ್ತ ಬೆಳೆದ ನಮಗೆ ಇದು ತಿಳಿಯದ ಸಂಭ್ರಮವೇನಲ್ಲ.

ಈ ಅಲಂಕಾರಗಳಿಗೂ ಒಂದು ಇತಿಹಾಸವಿದೆ. ಅದರಲ್ಲಿ ಒಡೆದ ಕಿಟಕಿಗಳಿವೆ, ಸತ್ತ ಮಕ್ಕಳಿದ್ದಾರೆ, ಹಬ್ಬದಿಂದ ಹೊರಗುಳಿದವರೂ ಇದ್ದಾರೆ.

ಅಲ್ಲಿನ ಶಾಲೆಗಳಲ್ಲಿ ಮಕ್ಕಳಿಗೆ ಇಂದಿಗೂ ಕಲಿಸುವ ಒಂದು ಕೈಚಳಕದಿಂದ ಶುರುಮಾಡೋಣ. ಕಾಗದವನ್ನು ಒಂದು ಬಿಂದುವಿನ ಸುತ್ತ ಬೀಸಣಿಗೆಯಂತೆ ಹತ್ತು ಪದರವಾಗಿ ಮಡಿಸಬೇಕು. ಪೂರ್ಣ ವೃತ್ತದ 360 ಡಿಗ್ರಿಯಲ್ಲಿ ಒಂದೊಂದು ಪದರದ ಪಾಲು 36 ಡಿಗ್ರಿ. ಈಗ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಓರೆಯಾಗಿ ಒಮ್ಮೆ ಕತ್ತರಿ ಆಡಿಸಿ, ಬಿಡಿಸಿ ನೋಡಿದರೆ ಐದು ಮೊನೆಯ ನಕ್ಷತ್ರ ಸಿದ್ಧ. ಓರೆ ಹೆಚ್ಚಿದಷ್ಟೂ ಮೊನೆ ಚೂಪು. ಅಂಚಿಗೆ ಲಂಬವಾಗಿ ಕತ್ತರಿಸಿದರೆ ನಕ್ಷತ್ರ ಹೋಗಿ ಬರೀ ಪಂಚಕೋನ ಉಳಿಯುತ್ತದೆ.

ಈ ಕೈಚಳಕವನ್ನು ಜಾರ್ಜ್ ವಾಷಿಂಗ್ಟನ್ನರಿಗೇ ತೋರಿಸಿದವಳು ಫಿಲಡೆಲ್ಫಿಯದ ಬೆಟ್ಸಿ ರಾಸ್ ಎಂಬ ಹೊಲಿಗೆಯಾಕೆ ಎಂಬುದು ಪ್ರತೀತಿ. 1776ರಲ್ಲಿ ವಾಷಿಂಗ್ಟನ್ ಆರು ಮೊನೆಯ ನಕ್ಷತ್ರಗಳ ನಕ್ಷೆ ಹಿಡಿದು ಬಂದರಂತೆ. ಐದು ಮೊನೆಯದೇ ಸುಲಭ ಎಂದು ಆಕೆ ಕಾಗದ ಮಡಿಸಿ ಒಂದೇ ಏಟಿಗೆ ಕತ್ತರಿಸಿ ತೋರಿಸಿದಳಂತೆ. ಕತೆಯೇನೋ ಸೊಗಸು. ಆದರೆ ಅದು ಸಾರ್ವಜನಿಕರ ಕಿವಿಗೆ ಬಿದ್ದದ್ದು 1870ರಲ್ಲಿ, ಬೆಟ್ಸಿ ತೀರಿಕೊಂಡು 34 ವರ್ಷಗಳಾದ ಮೇಲೆ. ಹೇಳಿದವನು ಆಕೆಯ ಮೊಮ್ಮಗ ವಿಲಿಯಂ ಕ್ಯಾನ್ಬಿ. ಸಮಕಾಲೀನ ದಾಖಲೆಯ ಬೆಂಬಲ ಅದಕ್ಕಿಲ್ಲ. 1777ರಲ್ಲಿ ಪೆನ್ಸಿಲ್ವೇನಿಯದ ನೌಕಾಪಡೆಗೆ ಬಾವುಟ ಹೊಲಿದುಕೊಟ್ಟು ಬೆಟ್ಸಿ ಹಣ ಪಡೆದದ್ದಕ್ಕೆ ಮಾತ್ರ ಲೆಕ್ಕಪತ್ರವಿದೆ. ಬಾವುಟದ ವಿನ್ಯಾಸ ತನ್ನದೆಂದು ಆ ಕಾಲದಲ್ಲೇ ಬರೆದು ಕೇಳಿದವನು ಫ್ರಾನ್ಸಿಸ್ ಹಾಪ್ಕಿನ್ಸನ್. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬ. 1780ರಲ್ಲಿ ತನ್ನ ಶ್ರಮಕ್ಕೆ ಪ್ರತಿಫಲವಾಗಿ ಸರ್ಕಾರಿ ದ್ರಾಕ್ಷಾರಸದ ಒಂದು ಪೀಪಾಯಿ ಕೊಡಿಸಿ ಎಂದು ಆತ ಕೋರಿದ. ಈ ಕೆಲಸದಲ್ಲಿ ಬೇರೆಯವರ ಕೈಯೂ ಇತ್ತೆಂದು ಹೇಳಿ ಕಾಂಗ್ರೆಸ್ಸು ಕೊಡಲಿಲ್ಲ. ಜನರು ನೆನಪಿಟ್ಟುಕೊಂಡದ್ದು ಕತ್ತರಿ ಹಿಡಿದ ಹೆಂಗಸನ್ನು, ಬಿಲ್ಲು ಬರೆದ ಗಂಡಸನ್ನಲ್ಲ. ಹಬ್ಬಕ್ಕೆ ಯಾವ ಕತೆ ಒಗ್ಗುತ್ತದೆಂಬುದು ಜನರಿಗೆ ಗೊತ್ತಿರುತ್ತದೆ.

ಮೊದಮೊದಲಿನ ಹಬ್ಬಗಳಲ್ಲಿ ಮನೆಯ ಅಲಂಕಾರವೆಂದರೆ ಬಾವುಟವಲ್ಲ, ಮೇಣದ ಬತ್ತಿ. ಸ್ವಾತಂತ್ರ್ಯದ ಪರವಾಗಿ ಮತ ಬಿದ್ದದ್ದು 1776ರ ಜುಲೈ 2ರಂದು. ಘೋಷಣೆಯ ಪಠ್ಯಕ್ಕೆ ಒಪ್ಪಿಗೆ ಸಿಕ್ಕಿದ್ದು 4ರಂದು. ಮುಂದೆ ಅಧ್ಯಕ್ಷರಾದ ಜಾನ್ ಆಡಮ್ಸ್ 3ರಂದೇ ಪತ್ನಿಗೆ ಕಾಗದ ಬರೆದು, ಮುಂದಿನ ಪೀಳಿಗೆಗಳು ಜುಲೈ 2ನ್ನು ಮೆರವಣಿಗೆ, ದೀಪಾಲಂಕಾರಗಳಿಂದ ಆಚರಿಸುತ್ತವೆಂದು ಭವಿಷ್ಯ ನುಡಿದರು. ಎರಡು ದಿನ ತಪ್ಪಿತು, ಉಳಿದದ್ದೆಲ್ಲ ನಿಜವಾಯಿತು. 1777ರ ಜುಲೈ 4ರ ರಾತ್ರಿ ಫಿಲಡೆಲ್ಫಿಯದ ಕಿಟಕಿಗಳಲ್ಲಿ ಸಾಲುಸಾಲು ಬತ್ತಿಗಳು ಉರಿದವು. 13 ವಸಾಹತುಗಳ ಲೆಕ್ಕದಲ್ಲಿ 13 ಬಾಣಗಳು ಆಕಾಶಕ್ಕೆ ಹಾರಿದವು. ಆದರೆ ಯುದ್ಧವನ್ನು ಧರ್ಮಕ್ಕೆ ವಿರುದ್ಧವೆಂದು ನಂಬಿದ್ದ ಕ್ವೇಕರ್ ಪಂಗಡದವರು ದೀಪ ಹಚ್ಚಲಿಲ್ಲ. ಆ ರಾತ್ರಿ ಊರಿನಲ್ಲಿ ಎಷ್ಟೋ ಕಿಟಕಿಗಳ ಗಾಜು ಪುಡಿಯಾದವೆಂದು ಕ್ವೇಕರ್ ಗೃಹಿಣಿ ಎಲಿಜಬೆತ್ ಡ್ರಿಂಕರ್ ದಿನಚರಿಯಲ್ಲಿ ಬರೆದಿಟ್ಟಿದ್ದಾಳೆ. ಹಬ್ಬದ ಅಲಂಕಾರ ಇಷ್ಟದ ಮಾತಾಗಿರಲಿಲ್ಲ. ದೀಪವಿಲ್ಲದ ಮನೆ ಶತ್ರುವಿನ ಮನೆ.

ಹಾಗಾದರೆ ಬಾವುಟ? ಅದು ಬಹಳ ಕಾಲ ಕೋಟೆ, ಹಡಗು, ಸರ್ಕಾರಿ ಕಟ್ಟಡಗಳ ಸೊತ್ತಾಗಿಯೇ ಇತ್ತು. 1777ರ ಜೂನ್ 14ರ ನಿರ್ಣಯ 13 ಪಟ್ಟೆ, ನೀಲಿಯಲ್ಲಿ 13 ಬಿಳಿ ನಕ್ಷತ್ರ ಎಂದಷ್ಟೇ ಹೇಳಿತ್ತು. ನಕ್ಷತ್ರಗಳನ್ನು ಹೇಗೆ ಜೋಡಿಸಬೇಕೆಂದು ಹೇಳಿರಲಿಲ್ಲ. ಹೊಲಿಯುವವರು ತಮಗೆ ತೋಚಿದಂತೆ ವೃತ್ತವಾಗಿ, ಸಾಲಾಗಿ, ದೊಡ್ಡದೊಂದು ನಕ್ಷತ್ರದ ಆಕಾರದಲ್ಲಿ ಜೋಡಿಸಿದರು. 1818ರ ಕಾನೂನು ಪಟ್ಟೆಗಳನ್ನು 13ಕ್ಕೆ ನಿಲ್ಲಿಸಿ, ಹೊಸ ರಾಜ್ಯ ಸೇರಿದಾಗ ಮುಂದಿನ ಜುಲೈ 4ರಂದು ಒಂದು ನಕ್ಷತ್ರ ಕೂಡಿಸಬೇಕೆಂದಿತು. ಜೋಡಣೆ ಹೀಗೇ ಇರಬೇಕೆಂದು ಕಟ್ಟುನಿಟ್ಟಾದದ್ದು 1912ರಲ್ಲಿ, 48 ನಕ್ಷತ್ರಗಳಿದ್ದಾಗ. ಈಗಿನ 50 ನಕ್ಷತ್ರಗಳ ಬಾವುಟ 1960ರ ಜುಲೈ 4ರಿಂದ ಇದೆ.

ಬಾಲ್ಟಿಮೋರಿನ ಮೇರಿ ಪಿಕರ್ಸ್‌ಗಿಲ್ 1813ರಲ್ಲಿ ಮೆಕ್‌ಹೆನ್ರಿ ಕೋಟೆಗೆ ಹೊಲಿದ ಬಾವುಟದ ಅಳತೆ 30 ಅಡಿಗೆ 42 ಅಡಿ. ಮನೆಯಲ್ಲಿ ಹರಡಲು ಜಾಗ ಸಾಲದೆ ಹತ್ತಿರದ ಬಿಯರ್ ತಯಾರಿಕೆಯ ಕಟ್ಟಡದ ನೆಲದ ಮೇಲೆ ಹಾಸಿಕೊಂಡು ಹೊಲಿದರು. ಮರುವರ್ಷ ಬ್ರಿಟಿಷರ ಗುಂಡಿನ ದಾಳಿಯ ಮರುಬೆಳಗು ಆ ಕೋಟೆಯ ಮೇಲೆ ಹಾರಾಡುತ್ತಿದ್ದ ಬಾವುಟವೇ ಅವರ ರಾಷ್ಟ್ರಗೀತೆಗೆ ಸ್ಫೂರ್ತಿ. ಹೊಲಿಗೆಗೆ ಕೂತವರಲ್ಲಿ ಮೇರಿಯ ಮಗಳು, ಒಡಹುಟ್ಟಿದವರ ಮಕ್ಕಳ ಜತೆಗೆ ಗ್ರೇಸ್ ವಿಷರ್ ಎಂಬ ಕರಿಯ ಹುಡುಗಿಯೂ ಇದ್ದಳು. ಕರಾರಿನ ಮೇಲೆ ಆ ಮನೆಯಲ್ಲಿ ಕೆಲಸಕ್ಕಿದ್ದವಳು. ಆಕೆಯ ಹೆಸರು ಎಲ್ಲರ ಬಾಯಿಗೆ ಬರಲು ಬಹಳ ಕಾಲ ಹಿಡಿಯಿತು.

ಕರಿಯರ ಪಾಲಿಗೆ ಜುಲೈ 4 ಸರಳವಾದ ಹಬ್ಬವಾಗಿರಲಿಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ ಗುಲಾಮಗಿರಿ 1827ರ ಜುಲೈ 4ರಂದು ಕೊನೆಗೊಂಡಿತು. ಕರಿಯರು ಮೆರವಣಿಗೆ ತೆಗೆದದ್ದು 5ರಂದು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಮಹಾ ವಾಗ್ಮಿಯಾದ ಫ್ರೆಡರಿಕ್ ಡಗ್ಲಸ್, ರೋಚೆಸ್ಟರ್ ನಗರದಲ್ಲಿ 1852ರ ಜುಲೈ 5ರಂದು ಭಾಷಣ ಮಾಡಿ, ಗುಲಾಮನಿಗೆ ಈ ದಿನದಿಂದ ಬಂದ ಭಾಗ್ಯವೇನೆಂದು ಬಿಳಿಯ ಸಭಿಕರನ್ನೇ ಕೇಳಿದರು. ಅಂತರ್ಯುದ್ಧ ಎಲ್ಲವನ್ನೂ ತಿರುವುಮುರುವು ಮಾಡಿತು. 1861ರ ಏಪ್ರಿಲಿನಲ್ಲಿ ಸಮ್ಟರ್ ಕೋಟೆಯ ಮೇಲೆ ದಾಳಿಯಾದ ಮೇಲೆ ಉತ್ತರದ ಊರುಗಳಲ್ಲಿ ಮನೆಮನೆಯ ಮೇಲೆ ಬಾವುಟ ಏರಿತು. ಬಾವುಟ ಮನೆಯ ಅಲಂಕಾರವಾದದ್ದು ಹೀಗೆ, ಯುದ್ಧದ ಬಿಸಿಯಲ್ಲಿ. ದಕ್ಷಿಣದ ವಿಕ್ಸ್‌ಬರ್ಗ್ ನಗರ 1863ರ ಜುಲೈ 4ರಂದೇ ಶರಣಾದ್ದರಿಂದ ಅಲ್ಲಿನ ಬಿಳಿಯರು ದಶಕಗಳ ಕಾಲ ಈ ಹಬ್ಬದತ್ತ ಮುಖ ತಿರುಗಿಸಿದರು. ಬಿಡುಗಡೆ ಪಡೆದ ಕರಿಯರು ಅದನ್ನು ತಮ್ಮದಾಗಿಸಿಕೊಂಡರು.

ಕಾಗದದ ಅಲಂಕಾರಕ್ಕೆ ಬೆಲೆ ಬಂದದ್ದರ ಹಿಂದೆ ಪಟಾಕಿಯ ಕತೆಯಿದೆ. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಈ ಹಬ್ಬವೆಂದರೆ ಪಟಾಕಿ ಮತ್ತು ಆಟಿಕೆ ಪಿಸ್ತೂಲು. ಪಿಸ್ತೂಲಿನ ತೋಟಾ ಹುಡುಗರ ಅಂಗೈಗೆ ಸಿಡಿದು, ಗಾಯಕ್ಕೆ ಕೊಳೆ ಸೇರಿ ಧನುರ್ವಾಯು ತಗಲುತ್ತಿತ್ತು. ಅಮೆರಿಕದ ವೈದ್ಯ ಸಂಘದ ಪತ್ರಿಕೆ 1903ರಲ್ಲಿ ಲೆಕ್ಕ ತೆಗೆದಾಗ ಹಬ್ಬಕ್ಕೆ ಬಲಿಯಾದವರು 466, ಗಾಯಗೊಂಡವರು 3,983. ಸತ್ತವರಲ್ಲಿ ಬಹುಪಾಲು ಧನುರ್ವಾಯುವಿಗೆ ತುತ್ತಾದವರು. 1908ರ ಜುಲೈ 3ರಂದು ಕ್ಲೀವ್‌ಲೆಂಡಿನ ಅಂಗಡಿಯೊಂದರಲ್ಲಿ ಪಟಾಕಿಗೆ ಬೆಂಕಿ ಬಿದ್ದು ಏಳು ಮಂದಿ ಸತ್ತರು. ಕೆಲವೇ ದಿನಗಳಲ್ಲಿ ಆ ನಗರ ಪಟಾಕಿ ನಿಷೇಧಿಸಿತು. ಸುರಕ್ಷಿತ, ಸಭ್ಯ ಹಬ್ಬದ ಚಳವಳಿ ಊರಿಂದೂರಿಗೆ ಹಬ್ಬಿತು. ಪಟಾಕಿ ಕಸಿದುಕೊಂಡ ಮೇಲೆ ಮಕ್ಕಳ ಕೈಗೆ ಏನಾದರೂ ಕೊಡಬೇಕಲ್ಲ? ವೇಷಗಳು, ಅಲಂಕರಿಸಿದ ಬಂಡಿಗಳು, ಮೈದಾನದ ರೂಪಕಗಳು, ಕಾಗದದ ಟೋಪಿಗಳು ಬಂದವು. ಒಂದು ದಶಕ ಕಳೆಯುವುದರೊಳಗೆ ಸಾವಿನ ಲೆಕ್ಕ ತೀರಾ ಇಳಿದಿತ್ತು.

ಇದೇ ಕಾಲಕ್ಕೆ ಕ್ರೇಪ್ ಕಾಗದವೂ ಅಗ್ಗವಾಗಿ ಸಿಗತೊಡಗಿತು. ಮ್ಯಾಸಚೂಸೆಟ್ಸಿನ ಡೆನಿಸನ್ ಕಂಪನಿ ಕಾಗದವನ್ನು ಮಾರುವುದರ ಜತೆಗೆ ಅದರಿಂದ ಏನೇನು ಮಾಡಬಹುದೆಂದು ಚಿತ್ರಸಹಿತ ಪುಸ್ತಿಕೆಗಳನ್ನೂ ಅಚ್ಚುಹಾಕಿಸಿತು. ವ್ಯಾಪಾರದ ಜಾಣತನವೆಂದರೆ ಇದು. ಕ್ರೇಪ್ ಕಾಗದ ತನ್ನ ಸುಕ್ಕುಗಳಿಗೆ ಅಡ್ಡಲಾಗಿ ಎಳೆದಾಗ ಹಿಗ್ಗುತ್ತದೆ. ಆದ್ದರಿಂದ ಸೂಜಿ ದಾರ ಮುಟ್ಟದೆ ಬರೀ ಬೆರಳಿನಿಂದ ಹೂವಿನ ಎಸಳು, ಝಾಲರಿ, ನೆರಿಗೆ ಮಾಡಬಹುದು. ಒಂದು ಹನಿ ಮಳೆ ಬಿದ್ದರೆ ಬಣ್ಣ ಇಳಿಯುತ್ತದೆ, ಬತ್ತಿಯ ಹತ್ತಿರ ಹೋದರೆ ಹೊತ್ತಿಕೊಳ್ಳುತ್ತದೆ ಎಂಬುದು ಬೇರೆ ಮಾತು.

ಇಷ್ಟಾದ ಮೇಲೆ ನಿಯಮ ಬರದೆ ಇರುತ್ತದೆಯೇ? 1923ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಸಮ್ಮೇಳನ ಧ್ವಜ ಸಂಹಿತೆ ರೂಪಿಸಿತು. 1942ರಲ್ಲಿ ಅದಕ್ಕೆ ಕಾಂಗ್ರೆಸ್ಸಿನ ಮುದ್ರೆ ಬಿತ್ತು. ಧ್ವಜವನ್ನು ಪರದೆಯಂತೆ ಇಳಿಬಿಡಬಾರದು. ದಿಂಬು, ಕರವಸ್ತ್ರಗಳ ಮೇಲೆ ಕಸೂತಿ ಹಾಕಬಾರದು. ಬಳಸಿ ಬಿಸಾಡುವ ಕಾಗದದ ಕೈವಸ್ತ್ರ, ಪೊಟ್ಟಣಗಳ ಮೇಲೆ ಅಚ್ಚು ಹಾಕಿಸಬಾರದು. ಹಬ್ಬದ ದಿನ ಅಮೆರಿಕದ ಅಂಗಡಿಗಳಲ್ಲಿ ಭರದಿಂದ ಮಾರಾಟವಾಗುವುದು ಇಂಥ ಸರಕೇ! ಸಂಹಿತೆಗೆ ಶಿಕ್ಷೆಯ ಬಲವಿಲ್ಲ. ಪ್ರತಿಭಟನೆಗಾಗಿ ಧ್ವಜ ಸುಡುವುದೂ ವಾಕ್ ಸ್ವಾತಂತ್ರ್ಯವೆಂದು 1989ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ನಮ್ಮಲ್ಲಿ ಹಾಗಲ್ಲ. 1971ರ ಕಾಯ್ದೆಯಂತೆ ರಾಷ್ಟ್ರಧ್ವಜದ ಅವಮಾನಕ್ಕೆ ಮೂರು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಹಬ್ಬದ ದಿನ ಕಾಗದದ ಧ್ವಜ ಬೀಸಲು ಅನುಮತಿಯಿದೆ, ಆದರೆ ಮುಗಿದ ಮೇಲೆ ನೆಲಕ್ಕೆ ಬಿಸಾಡುವಂತಿಲ್ಲ.

ಅಮೆರಿಕದ ಸಂಹಿತೆ ಅಲಂಕಾರಪ್ರಿಯರಿಗೆ ಒಂದು ದಾರಿಯನ್ನೂ ತೋರಿಸಿದೆ. ಧ್ವಜವನ್ನು ಮುಟ್ಟದೆ, ಅದರ ಮೂರು ಬಣ್ಣಗಳ ಬಿಡಿ ಬಟ್ಟೆಯನ್ನು ಬಳಸಿಕೊಳ್ಳಿ ಎನ್ನುತ್ತದೆ ಅದು. ವೇದಿಕೆಯ ಮುಂಭಾಗಕ್ಕಾಗಲಿ ಮನೆಯ ಜಗಲಿಗಾಗಲಿ ಇಳಿಬಿಡುವಾಗ ನೀಲಿ ಮೇಲೆ, ಬಿಳಿ ನಡುವೆ, ಕೆಂಪು ಕೆಳಗೆ ಬರಬೇಕು.