ಟ್ಯಾಗ್ ಕಳಚಿದ ಮೇಲೆ ಉಳಿಯುವ ಕನ್ನಡ

ಜಾಲಪುಟವೊಂದರಿಂದ ಬರೀ ಪಠ್ಯವನ್ನು ಹೊರತೆಗೆಯುವುದು ಟರ್ಮಿನಲ್ ಮುಂದೆ ಕೂತು ಅಭ್ಯಾಸವಿದ್ದವರಿಗೆ ಒಂದೇ ಸಾಲಿನ ಕೆಲಸ. ಎಚ್‌ಟಿಎಂಎಲ್ ಕಡತದಲ್ಲಿರುವ ಟ್ಯಾಗುಗಳನ್ನು ಕಿತ್ತುಹಾಕಿದರೆ ಮಿಕ್ಕಿದ್ದೆಲ್ಲ ಪಠ್ಯ. ಇಂಗ್ಲಿಷಿಗೆ ಈ ಲೆಕ್ಕ ಹೆಚ್ಚುಕಡಿಮೆ ಸರಿ. ಕನ್ನಡಕ್ಕೆ ಎಂದೂ ಸರಿಹೋಗಿಲ್ಲ. ಈ ಕ್ಷೇತ್ರದ ಮೂರು ದಶಕಗಳ ಉಪಕರಣಗಳನ್ನು ಸಾಲಾಗಿಟ್ಟು ನೋಡಿದರೆ, ಒಂದೊಂದು ಕಾಲದಲ್ಲೂ ಜೊಳ್ಳೆಂದು ತೂರಿದ್ದರಲ್ಲೇ ಕನ್ನಡದ ಕಾಳು ಹೋಗಿರುವುದು ಕಾಣುತ್ತದೆ.

ಇದನ್ನು ಪರೀಕ್ಷಿಸಲು ದೊಡ್ಡ ಗ್ರಂಥವೇನೂ ಬೇಡ, ಒಂದು ಊರಿನ ಹೆಸರು ಸಾಕು. ಕುಮಟಾ ತಾಲ್ಲೂಕಿನಲ್ಲಿ, ರಾಷ್ಟ್ರೀಯ ಹೆದ್ದಾರಿ 66ರ ಮೇಲಿರುವ ಹಿರೇಗುತ್ತಿಯನ್ನೇ ತೆಗೆದುಕೊಳ್ಳೋಣ. ಓದುವವರಿಗೆ ನಾಲ್ಕೇ ಅಕ್ಷರ. ಹಳೆಯ ಹೊಸ ಪುಟಗಳಿಂದ ಆ ಊರಿನ ಸುದ್ದಿಯನ್ನೆಲ್ಲ ಒಟ್ಟುಮಾಡಲು ಹೊರಟವರಿಗೆ ಆ ನಾಲ್ಕಕ್ಷರ ಎಷ್ಟು ವೇಷದಲ್ಲಿ ಎದುರಾಗುತ್ತದೆ ಎಂಬುದೇ ಈ ಕ್ಷೇತ್ರದ ಚರಿತ್ರೆ.

ಉಪಕರಣಗಳಲ್ಲಿ ಕೆಲವು ಜಾಲಕ್ಕಿಂತ ಹಳೆಯವು. ಗ್ರೆಪ್, ಸೆಡ್, ಆಕ್ ಮೂರೂ 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದವು. ಒಂದು ಬೈಟ್ ಎಂದರೆ ಒಂದು ಅಕ್ಷರ ಎಂದು ನಂಬಿ ಬೆಳೆದವು. ಜಾಲ ಶುರುವಾದಾಗ ಸರ್ನ್ ಪ್ರಯೋಗಾಲಯದಲ್ಲಿ ನಿಕೋಲಾ ಪೆಲ್ಲೋ ಬರೆದ ಲೈನ್ ಮೋಡ್ ಬ್ರೌಸರ್ ಯಾವ ಟರ್ಮಿನಲ್‌ನಲ್ಲಾದರೂ ಪುಟವನ್ನು ಬರೀ ಅಕ್ಷರವಾಗಿ ಬಿಚ್ಚಿ ತೋರಿಸುತ್ತಿತ್ತು. ಪಠ್ಯ ಹೊರತೆಗೆಯುವ ಮೊದಲ ಸಾಧನ ಅದೇ ಎನ್ನಬಹುದು. 1992ರಲ್ಲಿ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ಲಿಂಕ್ಸ್ ಬ್ರೌಸರ್ ಬಂತು. ಅದರ ಡಂಪ್ ಆಯ್ಕೆಯನ್ನು ಇವತ್ತಿಗೂ ಜನ ಬಳಸುತ್ತಾರೆ. 1995ರ ಸುಮಾರಿಗೆ ಜಪಾನಿನ ಅಕಿನೋರಿ ಇಟೊ ಡಬ್ಲ್ಯು3ಎಂ ಬರೆದರು. ರೋಮನ್ ಅಲ್ಲದ ಲಿಪಿಯ ನಾಡಿನಿಂದ ಬಂದದ್ದರಿಂದಲೋ ಏನೋ, ಬಹುಬೈಟ್ ಅಕ್ಷರಗಳ ಬಗ್ಗೆ ಅದಕ್ಕೆ ಮೊದಲಿನಿಂದಲೂ ಎಚ್ಚರವಿತ್ತು. ಪುಟ ಇಳಿಸಿಕೊಳ್ಳಲು 1996ರಲ್ಲಿ ಡಬ್ಲ್ಯುಗೆಟ್, 1998ರಲ್ಲಿ ಕರ್ಲ್ ಸೇರಿಕೊಂಡವು.

ಕನ್ನಡ ಜಾಲಕ್ಕೆ ಕಾಲಿಟ್ಟದ್ದು ಅದೇ ಹೊತ್ತಿನಲ್ಲಿ. ಯು.ಬಿ. ಪವನಜ ಅವರ ‘ವಿಶ್ವಕನ್ನಡ’ ಜಾಲತಾಣ 1996ರಲ್ಲಿ ಬಂತು. ಕನ್ನಡ ಬೆರಳಚ್ಚಿಸಲು ಶೇಷಾದ್ರಿವಾಸು ಅವರು ಕೊಟ್ಟ ‘ಬರಹ’ ತಂತ್ರಾಂಶ 1998ರದು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಅದರ ಹಿಂದೆಯೇ ಬಂತು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ಮನೆಮನೆಯ ಗಣಕಕ್ಕೆ ಅದು ಇಳಿದದ್ದು 2001ರ ವಿಂಡೋಸ್ ಎಕ್ಸ್‌ಪಿ ಮತ್ತು ಅದರ ತುಂಗಾ ಫಾಂಟ್ ಬಂದ ಮೇಲೆ. ನಡುವಿನ ಕಾಲ ಫಾಂಟಿನ ಜಾಣತನದಲ್ಲಿ ನಡೆಯಿತು. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಚಿತ್ರಗಳನ್ನು ಕೂರಿಸಿದರು. ಕಣ್ಣಿಗೆ ಕನ್ನಡ, ಕಡತದಲ್ಲಿ ಮಾತ್ರ ಬೇರೇನೋ.

ಆ ಕಾಲದ ನುಡಿ ಪುಟದಲ್ಲಿ ಹಿರೇಗುತ್ತಿ ಹೇಗಿರುತ್ತದೆ? ಮೊದಲಿಗೆ » ಎಂಬ ಜೋಡಿಗೆರೆಯ ಗುರುತು, ಅದೇ ‘ಹಿ’. ಆಮೇಲೆ ರೋಮನ್ ಅಕ್ಷರಗಳು: ಸಣ್ಣ ಜಿ, ತಲೆಗೆರೆಯಿರುವ ಇ, ಅಲೆಗೆರೆಯಿರುವ ಎ. ಮೂರೂ ಸೇರಿ ‘ರೇ’. ದೊಡ್ಡ ಯು, ಮತ್ತೆರಡು ಬಗೆಯ ಎ, ಅದು ‘ಗು’. ಸಣ್ಣ ಡಬ್ಲ್ಯು ಎಂದರೆ ‘ತಿ’, ಅದರ ಬೆನ್ನಿಗೆ ಟೋಪಿ ಹೊತ್ತ ಯು ಎಂದರೆ ತಕಾರದ ಒತ್ತು. ಒಟ್ಟು 9 ಸಂಕೇತ. ಇವು ಕನ್ನಡ ಎಂದು ಹೇಳುವ ಏಕೈಕ ಗುರುತು ಸುತ್ತಲಿನ ಫಾಂಟ್ ಟ್ಯಾಗ್. ಪಠ್ಯ ತೆಗೆಯುವ ಸಾಧನ ಮೊದಲು ಕಿತ್ತೆಸೆಯುವುದು ಅದನ್ನೇ. ಟ್ಯಾಗ್ ಹೋದಮೇಲೆ ಕೈಯಲ್ಲಿ ಉಳಿಯುವ ಸಾಲು ಯಾವ ಭಾಷೆಯದೂ ಅಲ್ಲ.

ಅಲ್ಲಿಗೂ ಮುಗಿಯಲಿಲ್ಲ. ಆ 9ರಲ್ಲಿ 6 ಸಂಕೇತಗಳು ಮೂಲ ಆಸ್ಕಿಯ ಆಚೆಯವು. ಹಳೆಯ ಪುಟವನ್ನು ಯುಟಿಎಫ್-8 ಎಂದು ತಪ್ಪಾಗಿ ಎಣಿಸಿ, ಅರ್ಥವಾಗದ ಬೈಟುಗಳನ್ನು ಬಿಟ್ಟುಬಿಡು ಎಂದು ಸಂಕೇತ ಬದಲಿಸುವ ಐಕಾನ್ವ್‌ಗೆ ಹೇಳಿದರೆ ಆ ಆರೂ ಅಳಿಸಿಹೋಗುತ್ತವೆ. ಜಿ, ಯು, ಡಬ್ಲ್ಯು ಮಾತ್ರ ಉಳಿಯುತ್ತವೆ. ಯುರೋಪಿನ ತಲೆಗುರುತುಗಳನ್ನು ಬೋಳಿಸಿ ಸರಳಗೊಳಿಸುವ ಹಂತವಿದ್ದರೆ ಎಲ್ಲ ಎಗಳೂ ಒಂದೇ ಆಗಿ ಹ್ರಸ್ವ, ದೀರ್ಘ, ಉಕಾರದ ವ್ಯತ್ಯಾಸ ಮಾಯ. ಇನ್ನು » ಇದೆಯಲ್ಲ, ಜಾಲತಾಣಗಳಲ್ಲಿ ‘ಮುಂದಿನ ಪುಟ’ದ ಬಾಣವಾಗಿ ಬಳಕೆಯಾಗುವುದು ಅದೇ. ಅಲಂಕಾರದ ಗುರುತುಗಳನ್ನು ಗುಡಿಸುವ ಸ್ಕ್ರಿಪ್ಟ್ ಓಡಿಸಿದರೆ ಹಿರೇಗುತ್ತಿ ‘ರೇಗುತ್ತಿ’ಯಾಗಿ ನಿಲ್ಲುತ್ತದೆ. ಊರಿನವರು ರೇಗಿದರೆ ತಪ್ಪಿಲ್ಲ.

ಹಾಗೆ ಕೂಡಿಟ್ಟ ಪುಟಗಳನ್ನು ಯೂನಿಕೋಡ್‌ಗೆ ತರುವುದು ಕೋಷ್ಟಕ ನೋಡಿ ಅಕ್ಷರ ಬದಲಿಸುವಷ್ಟು ಸುಲಭವಲ್ಲ. ನುಡಿಯಲ್ಲಿ ಕ್ರಮ ಕಣ್ಣಿನದು: ಮೊದಲು ‘ತಿ’, ಆಮೇಲೆ ಒತ್ತು. ಯೂನಿಕೋಡ್‌ನಲ್ಲಿ ಕ್ರಮ ಉಚ್ಚಾರದ್ದು: ತ, ವಿರಾಮ, ತ, ಕೊನೆಗೆ ಇಕಾರ. ಅರ್ಕಾವತ್ತಂತೂ ಬರವಣಿಗೆಯಲ್ಲಿ ವ್ಯಂಜನದ ನಂತರ ಕೂತು ಸಂಕೇತದಲ್ಲಿ ಮುಂದಕ್ಕೆ ಜಿಗಿಯಬೇಕು. ಅರವಿಂದ ವಿ.ಕೆ. ಅವರು ಪೈಥಾನ್‌ನಲ್ಲಿ ಬರೆದು ಮುಕ್ತವಾಗಿ ಹಂಚಿದ ಆಸ್ಕಿ-ಯೂನಿಕೋಡ್ ಪರಿವರ್ತಕದಂಥವು ಈ ಜಿಗಿತಗಳನ್ನು ಒಂದೊಂದಾಗಿ ನಿಭಾಯಿಸುತ್ತವೆ. ನನ್ನ ಲೆಕ್ಕದಲ್ಲಿ ಕನ್ನಡದ ಮಟ್ಟಿಗೆ ಇಡೀ ಸರಪಳಿಯ ಮುಖ್ಯ ಕೊಂಡಿ ಈ ಸಣ್ಣ ಸ್ಕ್ರಿಪ್ಟುಗಳೇ, ಹೆಸರುವಾಸಿ ಪಾರ್ಸರುಗಳಲ್ಲ. ಆದರೆ ಇವಕ್ಕೂ ಫಾಂಟ್ ಟ್ಯಾಗಿನ ಸಾಕ್ಷ್ಯ ಬೇಕು. ಕನ್ನಡ ಸಾಲಿನ ನಡುವೆ ಇಂಗ್ಲಿಷಿನಲ್ಲೇ ಬರೆದ ‘ಎನ್‌ಎಚ್ 66’ ಇದ್ದು, ಅದು ಬೇರೆ ಫಾಂಟಿನದು ಎಂಬ ಸುಳಿವು ಕಳೆದುಹೋಗಿದ್ದರೆ, ಪರಿವರ್ತಕ ಅದನ್ನೂ ನುಡಿಯೆಂದೇ ಓದಿ ‘ಓಊ 66’ ಎಂದು ಕೊಡುತ್ತದೆ.

ಆ ಹೊತ್ತಿಗೆ ಪಾಶ್ಚಾತ್ಯ ಜಗತ್ತು ಬೇರೆ ಜಗಳದಲ್ಲಿತ್ತು: ಎಚ್‌ಟಿಎಂಎಲ್ ಅನ್ನು ರೆಗ್ಯುಲರ್ ಎಕ್ಸ್‌ಪ್ರೆಶನ್‌ನಿಂದ ಸೀಳಬಹುದೇ, ಪಾರ್ಸರ್ ಬೇಕೇ? ಉತ್ತರ ಈಗ ಇತ್ಯರ್ಥವಾಗಿದೆ. ಒಂದು ಸಾಲಿನಲ್ಲಿ ತೆರೆದು ಮೂರನೇ ಸಾಲಿನಲ್ಲಿ ಮುಚ್ಚುವ ಟ್ಯಾಗ್, ಜಾವಾಸ್ಕ್ರಿಪ್ಟ್ ತುಣುಕು, ಟಿಪ್ಪಣಿಯೊಳಗಿನ ಟ್ಯಾಗ್ ಇವೆಲ್ಲ ಸೆಡ್‌ಗೆ ದಕ್ಕುವುದಿಲ್ಲ. ಡೇವ್ ರ‍್ಯಾಗೆಟ್ ಅವರ ಟೈಡಿ, ಲಿಬ್‌ಎಕ್ಸ್‌ಎಂಎಲ್2 ಜೊತೆಗಿನ ಎಕ್ಸ್‌ಎಂಎಲ್‌ಲಿಂಟ್, 1999ರ ಎಕ್ಸ್‌ಪಾತ್, 2004ರಲ್ಲಿ ಲಿಯೊನಾರ್ಡ್ ರಿಚರ್ಡ್‌ಸನ್ ಅವರ ಬ್ಯೂಟಿಫುಲ್ ಸೂಪ್, ಅದೇ ವರ್ಷ ಆರನ್ ಸ್ವಾರ್ಟ್ಜ್ ಬರೆದ ಎಚ್‌ಟಿಎಂಎಲ್2ಟೆಕ್ಸ್ಟ್, 2014ರ ಪಪ್ ಈ ದಾರಿಯ ಮೈಲಿಗಲ್ಲುಗಳು. ಇವುಗಳಲ್ಲಿ ಯಾವುದನ್ನು ಹಿಡಿದರೂ ನಡೆಯುತ್ತದೆ.

ಯೂನಿಕೋಡ್ ಬಂದ ಮೇಲೆ ಕನ್ನಡದ ಕಷ್ಟ ತೀರಿತೆಂದು ಹಲವರು ತಿಳಿದರು. ತೀರಲಿಲ್ಲ, ರೂಪ ಬದಲಿಸಿತು. ಯೂನಿಕೋಡ್‌ನಲ್ಲಿ ಹಿರೇಗುತ್ತಿ 10 ಸಂಕೇತ. ಯುಟಿಎಫ್-8ರಲ್ಲಿ ಸಂಕೇತಕ್ಕೆ 3ರಂತೆ 30 ಬೈಟ್. ಅಕ್ಷರ ಲೆಕ್ಕದಲ್ಲಿ ಮೊದಲ ನಾಲ್ಕನ್ನು ಕೊಡು ಎಂದು ಕಟ್ ಆಜ್ಞೆಯನ್ನು ಕೇಳಿದರೆ, ಬಹುಕಾಲ ಬೈಟುಗಳನ್ನೇ ಎಣಿಸಿದ ಗ್ನೂ ಆವೃತ್ತಿ ‘ಹ’ ಮತ್ತು ಗುಡಿಸಿನ ಮೂರನೇ ಒಂದು ಪಾಲನ್ನು ಕೊಡುತ್ತಿತ್ತು. ಇನ್ನೊಂದು ಸೂಕ್ಷ್ಮವಿದೆ. ‘ರೇ’ಯ ದೀರ್ಘ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘ ಎಂದು ಎರಡಾಗಿಯೂ ಬರೆಯಬಹುದು. ಎರಡೂ ಪರದೆಯ ಮೇಲೆ ತದ್ರೂಪ. ಎರಡನೆಯದು 11 ಸಂಕೇತ, 33 ಬೈಟ್. ಮೊದಲನೆಯದನ್ನು ಹುಡುಕುವ ಗ್ರೆಪ್‌ಗೆ ಅದು ಸಿಗುವುದಿಲ್ಲ. ಹುಡುಕುವ ಮುಂಚೆ ಎಲ್ಲವನ್ನೂ ಇಂಥ ಜೋಡಿಗಳನ್ನು ಒಂದೇ ಸಂಕೇತವಾಗಿಸುವ ಎನ್‌ಎಫ್‌ಸಿ ರೂಪಕ್ಕೆ ತಂದುಕೊಳ್ಳುವುದು ಇದಕ್ಕೆ ಮದ್ದು.

ಪೈಥಾನ್‌ನ ಜೊತೆಗೇ ಬರುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಮಾಡ್ಯೂಲಿಗೆ ‘ಪದಗಳನ್ನು ಆರಿಸು’ ಎಂದರೆ ಇನ್ನೂ ವಿಚಿತ್ರ. ಅದರ ಪ್ರಕಾರ ಗುಣಿತದ ಚಿಹ್ನೆಗಳೂ ವಿರಾಮವೂ ಪದದ ಅಂಗಗಳಲ್ಲ. ಹಿರೇಗುತ್ತಿ ಅಲ್ಲಿ ಹ, ರ, ಗ, ತ, ತ ಎಂಬ ಐದು ಬಿಡಿ ಪದ. ಸರಿ, ಕನ್ನಡ ವಲಯದ ಸಂಕೇತಗಳನ್ನಷ್ಟೇ ಎತ್ತಿಕೊಳ್ಳೋಣ ಎಂದರೆ ಅಲ್ಲೂ ಒಂದು ಗುಂಡಿ. ‘ಬಸ್‌ನಲ್ಲಿ’ ಎಂಬಲ್ಲಿ ಸಕಾರಕ್ಕೂ ನಕಾರಕ್ಕೂ ನಡುವೆ ಕಣ್ಣಿಗೆ ಕಾಣದ, ಅಗಲವಿಲ್ಲದ ಬಿಡಿಸುವ ಸಂಕೇತವೊಂದಿದೆ. ಅದು ಕನ್ನಡ ವಲಯದ ಆಚೆ ಇರುವುದರಿಂದ ಪದ ಎರಡಾಗಿ ಒಡೆಯುತ್ತದೆ. ‘ಅದೃಶ್ಯ ಕಸ’ ಎಂದು ಮೊದಲೇ ಅಳಿಸಿದ್ದರೆ ‘ಬಸ್ನಲ್ಲಿ’ ಆಗುತ್ತದೆ.

2007ರ ಹೊತ್ತಿಗೆ ಪ್ರಶ್ನೆ ಮೇಲಿನ ಮೆಟ್ಟಿಲೇರಿತು. ಟ್ಯಾಗ್ ತೆಗೆದ ಮೇಲೂ ಪುಟದಲ್ಲಿ ಮೆನು, ಜಾಹೀರಾತು, ‘ಇದನ್ನೂ ಓದಿ’ಗಳ ರಾಶಿ ಉಳಿಯುತ್ತದೆ, ಲೇಖನ ಯಾವುದು? ಆ ವರ್ಷದ ಕ್ಲೀನ್‌ಇವಾಲ್ ಸ್ಪರ್ಧೆ, 2010ರಲ್ಲಿ ಕ್ರಿಶ್ಚಿಯನ್ ಕೋಲ್‌ಶುಟರ್ ಮತ್ತು ಸಂಗಡಿಗರ ಬಾಯ್ಲರ್‌ಪೈಪ್, 2011ರಲ್ಲಿ ಬ್ರ್ನೋದ ಯಾನ್ ಪೊಮಿಕಾಲೆಕ್ ಅವರ ಜಸ್‌ಟೆಕ್ಸ್ಟ್, ಈಚೆಗೆ ಬರ್ಲಿನ್‌ನ ಆದ್ರಿಯಾಂ ಬಾರ್ಬರೇಜಿ ಅವರ ಟ್ರಾಫಿಲಾಟುರಾ ಇದಕ್ಕೆ ಉತ್ತರ ಹುಡುಕಿದವು. ಉಪಾಯ ಚೆನ್ನಾಗಿದೆ: ಪ್ಯಾರಾದಲ್ಲಿ ಎಷ್ಟು ಪದ, ಎಷ್ಟು ಪಾಲು ಕೊಂಡಿ, ಎಷ್ಟು ಪಾಲು ಸಾಮಾನ್ಯ ಸಣ್ಣಪದ ಎಂದು ಅಳೆಯುವುದು. ಜಸ್‌ಟೆಕ್ಸ್ಟ್‌ನ ಪೂರ್ವನಿಗದಿತ ಮಿತಿ ಸುಮಾರು ನೂರಕ್ಕೆ 30 ಸಣ್ಣಪದ. ಇಂಗ್ಲಿಷಿನಲ್ಲಿ ಅದು ಸಹಜ. ಕನ್ನಡದಲ್ಲಿ ಆ ಸಣ್ಣಪದಗಳೆಲ್ಲ ಪ್ರತ್ಯಯವಾಗಿ ನಾಮಪದದ ಬಾಲಕ್ಕೆ ಅಂಟಿಕೊಂಡಿರುತ್ತವೆ. ‘ಹಿರೇಗುತ್ತಿಯಲ್ಲಿ ಇಳಿದೆವು’ ಎಂದರೆ ವಾಕ್ಯ ಮುಗಿಯಿತು, ಪದ ಎರಡೇ. ಮಿತಿಯನ್ನು ಇಳಿಸದೆ ಓಡಿಸಿದರೆ ಒಳ್ಳೆಯ ಗದ್ಯವೂ ಕಸದ ಬುಟ್ಟಿಗೆ ಬೀಳುತ್ತದೆ.

ಊರಿನ ಹೆಸರು ಸರಿಯಾಗಿ ಸಿಕ್ಕಿತು ಎನ್ನುವಾಗಲೂ ಉತ್ತರ ಕನ್ನಡದಲ್ಲಿ ಒಂದು ಎಚ್ಚರ ಬೇಕು. ಇಲ್ಲಿ ಊರ ಹೆಸರೇ ಅಡ್ಡಹೆಸರು. ಕಾರವಾರದ ‘ಕರಾವಳಿ ಮುಂಜಾವು’ ಪತ್ರಿಕೆಯ ಸಂಪಾದಕರಾಗಿ ಹೆಸರಾದವರು ಗಂಗಾಧರ ಹಿರೇಗುತ್ತಿ. ಗ್ರೆಪ್‌ಗೆ ಊರೂ ಒಂದೇ, ಸಂಪಾದಕರೂ ಒಂದೇ. ‘ಹಿರೆಗುತ್ತಿ’ ಎಂದು ಹ್ರಸ್ವವಾಗಿ ಬರೆಯುವವರನ್ನೂ ಮರೆಯುವಂತಿಲ್ಲ.

ಈಗ ಈ ಕೆಲಸ ಒಬ್ಬರ ಟರ್ಮಿನಲ್‌ನಿಂದ ಕಾರ್ಖಾನೆಯ ಪ್ರಮಾಣಕ್ಕೆ ಹೋಗಿದೆ. ಕಾಮನ್ ಕ್ರಾಲ್ ಜಾಲವನ್ನು ಬಾಚಿ ಪಠ್ಯವನ್ನು ಬೇರೆ ಕಡತದಲ್ಲಿ ಕೊಡುತ್ತದೆ. ಅದನ್ನು ಸೋಸಿ 2019ರಲ್ಲಿ ಆಸ್ಕರ್ ಸಂಗ್ರಹ ಬಂತು. 2020ರಲ್ಲಿ ಐಐಟಿ ಮದ್ರಾಸಿನ ಎಐ4ಭಾರತ್ ಇಂಡಿಕ್‌ಕಾರ್ಪ್ ಹೊರತಂದು ಕನ್ನಡಕ್ಕೂ ದೊಡ್ಡ ಪಠ್ಯರಾಶಿ ಒದಗಿಸಿತು. ಭಾಷೆ ಗುರುತಿಸುವ ಜರಡಿ ಕನ್ನಡ ಲಿಪಿಯ ಸಂಕೇತಗಳನ್ನು ನೋಡಿ ಕನ್ನಡ ಎನ್ನುತ್ತದೆ. ನುಡಿ, ಬರಹಗಳ ಹಳೆಯ ಸಂಕೇತದಲ್ಲಿ ಬರೆದ ಪುಟ ಅದರ ಕಣ್ಣಿಗೆ ಕನ್ನಡವೇ ಅಲ್ಲ. ಕನ್ನಡ ಜಾಲದ ಮೊದಲ ದಶಕದ ಬರವಣಿಗೆ ಹೀಗೆ ಲೆಕ್ಕಕ್ಕೆ ಬರದೆ ಉಳಿಯುತ್ತದೆ. ಓಂಶಿವಪ್ರಕಾಶ್, ವಸುಧೇಂದ್ರ, ಓ.ಎಲ್. ನಾಗಭೂಷಣಸ್ವಾಮಿ ಮೊದಲಾದವರು ಕಟ್ಟಿದ ‘ವಚನ ಸಂಚಯ’ವು ಹಳೆಯ ಸಂಕೇತದಲ್ಲಿದ್ದ ವಚನಗಳನ್ನು ಯೂನಿಕೋಡ್‌ಗೆ ತಂದು ಹುಡುಕುವಂತೆ ಮಾಡಿತು. ಪತ್ರಿಕೆಗಳ, ಇಲಾಖೆಗಳ, ಊರ ಸುದ್ದಿಯ ಹಳೆಯ ಪುಟಗಳಿಗೂ ಅಂಥ ದುಡಿಮೆ ಸಲ್ಲಬೇಕು.

ಸಾಧ್ಯವೂ ಇದೆ. 1996ರಿಂದ ಜಾಲವನ್ನು ಕೂಡಿಡುತ್ತಿರುವ ಇಂಟರ್ನೆಟ್ ಆರ್ಕೈವ್ ಪಠ್ಯವನ್ನಲ್ಲ, ಎಚ್‌ಟಿಎಂಎಲ್ ಅನ್ನೇ ಇಟ್ಟುಕೊಂಡಿದೆ. ಅದರೊಳಗೆ ಫಾಂಟ್ ಟ್ಯಾಗ್ ಇನ್ನೂ ಇದೆ. ನಿಮ್ಮ ಸಂಸ್ಥೆಯ, ಸಂಘದ, ಪತ್ರಿಕೆಯ ಹಳೆಯ ಪುಟಗಳು ನಿಮ್ಮಲ್ಲಿದ್ದರೆ ಮೊದಲು ಫಾಂಟ್ ಓದಿ, ಆಮೇಲೆ ಪರಿವರ್ತಿಸಿ, ಅದಾದ ಮೇಲೆ ಟ್ಯಾಗ್ ಕಳಚಿ. ಪಠ್ಯ ಕೈಗೆ ಬಂತೆಂದು ಮೂಲ ಕಡತವನ್ನು ಮಾತ್ರ ಅಳಿಸಬೇಡಿ.